ಎಡಗೈಗೆ ಬಂದ ಹಾಡು

ಬಾಯಿಬಿಟ್ಟರೆ ಬಣ್ಣಗೇಡು ಎನ್ನುವುದು ನನ್ನಂಥವರಿಗಾಗಿಯೇ ಹುಟ್ಟಿದ ಮಾತು. ದೀಪಾವಳಿ ಮುಗಿದ ವಾರ, ಜೇವರ್ಗಿ ಕಾಲೋನಿಯ ನಮ್ಮ ಪಕ್ಕದ ಮನೆಯ ಅಕ್ಕ ಗೇಟಿನ ಬಳಿ ನಿಂತು, "ಈ ಸಲ ಕ್ರಿಸ್‌ಮಸ್‌ಗೆ ಹಾಡು ಇಲ್ಲ ರೀ ಸರ್, ಬರೇ ಕೇಕ್" ಎಂದರು. ಪ್ರತಿವರ್ಷ ಹಬ್ಬದ ಹಿಂದಿನ ಸಂಜೆ ಅವರ ಯಜಮಾನರು ಗಿಟಾರ್ ಬಾರಿಸುತ್ತಿದ್ದರು, ಅಕ್ಕ ಹಾಡುತ್ತಿದ್ದರು, ಓಣಿಯವರೆಲ್ಲ ಅವರ ಅಂಗಳದಲ್ಲಿ ಕೂತು ಕೇಳುತ್ತಿದ್ದೆವು. ಬೇಸಿಗೆಯಲ್ಲಿ ಯಜಮಾನರು ತೀರಿಕೊಂಡರು. ಅಂದಿನಿಂದ ಅಕ್ಕ ಅಡುಗೆಮನೆಯಲ್ಲೂ ಗುನುಗಿದ್ದನ್ನು ನಾನು ಕೇಳಿರಲಿಲ್ಲ. ನಮ್ಮೆರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. "ನಾ ಬಾರಸ್ತೀನಿ ರೀ ಅಕ್ಕಾರ" ಎಂದುಬಿಟ್ಟೆ.

ನಾನು ಲೆಕ್ಕದ ಮಾಸ್ತರ, ವಯಸ್ಸು ಐವತ್ತೆರಡು. ಗಿಟಾರಿಗೆ ಎಷ್ಟು ತಂತಿ ಎಂಬುದೂ ಗೊತ್ತಿರಲಿಲ್ಲ.

ಅಕ್ಕ ಒಳಗೆ ಹೋಗಿ ಗಿಟಾರ್ ತಂದುಕೊಟ್ಟರು. "ಆದ್ರ ಪೂರಾ ಬರೋತನಕ ನನ್ನ ಕಿವಿಗೆ ಬೀಳಬಾರದು ನೋಡ್ರಿ. ತುಂಡು ತುಂಡು ಕೇಳೋ ತಾಕತ್ತಿಲ್ಲ ನನಗ." ಪೂರಾ ಬಂದರೆ ಹಾಡುತ್ತೀರಾ ಎಂದು ಕೇಳಿದೆ. "ನೋಡೋಣ" ಎಂದರಷ್ಟೇ.

ಹಾಗಾಗಿ ಶನಿವಾರ ಶಾಲೆ ಬಿಟ್ಟ ಕೂಡಲೇ ಗಿಟಾರನ್ನು ಹಳೇ ಚಾದರದಲ್ಲಿ ಸುತ್ತಿಕೊಂಡು ಕಮಲಾಪುರದ ಬಸ್ಸು ಹತ್ತತೊಡಗಿದೆ. ಅಲ್ಲಿ ಅಣ್ಣನ ಮನೆ. ಅವ್ವ ಇರುವುದೂ ಅಲ್ಲೇ. ಕಂಡಕ್ಟರ್ ಚಾದರವನ್ನು ಮುಟ್ಟಿ ನೋಡಿ, "ಯಾವ ಭಜನಿ ಮ್ಯಾಳ ರೀ ಮಾಸ್ತರ?" ಎಂದ. ಏಸುಸ್ವಾಮಿಯದು ಎಂದೆ. ಅವನು ನಕ್ಕು ಟಿಕೆಟ್ ಕೊಟ್ಟ.

ಅವರು ಪ್ರತಿವರ್ಷ ಹಾಡುತ್ತಿದ್ದದ್ದು ದನದ ಗೋದಲಿಯಲ್ಲಿ ಮಲಗಿದ ಕೂಸು ಏಸುವಿನ ಹಾಡು. ಬೆರಳಿನ ಮೂರು ಹಿಡಿತ ಕಲಿತರೆ ಸಾಕು ಎಂದಳು ಫೋನಿನ ವಿಡಿಯೋದ ಹುಡುಗಿ. ಅವಳು ತೋರಿಸಿದಲ್ಲೇ ಬೆರಳಿಟ್ಟರೂ ನನ್ನ ಗಿಟಾರು ಬೇರೇನನ್ನೋ ಒದರುತ್ತಿತ್ತು. ಎರಡು ವಾರ ನನ್ನ ಕಿವಿಯನ್ನೇ ಬೈದುಕೊಂಡೆ. ಮೂರನೆಯ ವಾರ ಗಮನಿಸಿದೆ: ಅವಳ ದಪ್ಪ ತಂತಿ ಮೇಲೆ, ನನ್ನದು ಕೆಳಗೆ. ಎಡಗೈಯವರಿಗೆಂದು ತಿರುವಿ ಕಟ್ಟಿದ ತಂತಿ; ಯಜಮಾನರು ಎಡಚರು! ಹತ್ತು ವರ್ಷ ಎದುರಿಗೆ ಕೂತು ಕೇಳಿದ್ದರೂ ಅವರು ಎಡಗೈಯಲ್ಲಿ ಬಾರಿಸುತ್ತಿದ್ದುದು ನನಗೆ ಕಂಡೇ ಇರಲಿಲ್ಲ. ಮಕ್ಕಳಿಗೆ "ಕಣ್ಣು ಬಿಟ್ಟು ನೋಡ್ರಿ" ಎಂದು ದಿನಾ ಗದರುವವನು ನಾನು.

ತಂತಿ ಬಿಚ್ಚಿ, ತಿರುವಿ ಕಟ್ಟಿಸಲೇ ಎಂದು ಅಕ್ಕನನ್ನು ಕೇಳಿದೆ. "ಅವು ಅವರು ಕೈಯಾರೆ ಕಟ್ಟಿದ್ದು ರೀ" ಎಂದರು. ಗಿಟಾರನ್ನು ಹಾಗೇ ಮತ್ತೆ ಚಾದರದಲ್ಲಿ ಸುತ್ತಿಕೊಂಡೆ.

ಆ ಶನಿವಾರ ಕಮಲಾಪುರದಲ್ಲಿ, ತಲೆಕೆಳಗಾದ ತಂತಿಗಳ ಮೇಲೆಯೇ ಬಲಗೈ ಆಡಿಸುತ್ತ ಬೆವರುತ್ತಿದ್ದೆ. ಹಬ್ಬಕ್ಕೆ ಇನ್ನು ಮೂರೇ ವಾರ. ಪಡಸಾಲೆಯಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತಿದ್ದ ಅವ್ವ ಬಹಳ ಹೊತ್ತು ನೋಡಿದಳು.

"ಯಾಕ ಹಂಗ ಗುದ್ದಾಡಾಕತ್ತಿ? ಅದು ನಿನ್ನ ಕೈ ಅಲ್ಲ."

"ಯಾವುದು ಯವ್ವಾ?"

"ಹುಟ್ಟಿದಾಗಿಂದ ಎಡಚ ನೀ. ಊಟಕ್ಕ ಕುಂತಾಗ ನಿನ್ನ ಎಡಗೈ ನನ್ನ ಸೆರಗಿಗೆ ಕಟ್ಟತಿದ್ದೆ. ಎರಡು ವರ್ಷ ಕಟ್ಟೀನಿ." ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಮಂದಿ ನಗತಾರ ಅಂತ ಕಟ್ಟಿದೆ. ಈಗ ಯಾರು ನಗತಾರ? ಆ ಕೈಲೆ ಬಾರಿಸು."

ನಾನದನ್ನು ಮರೆತಿರಲಿಲ್ಲ, ನೆನೆಯುವುದನ್ನು ಬಿಟ್ಟಿದ್ದೆ. ಗಿಟಾರನ್ನು ತಿರುಗಿಸಿ ಹಿಡಿದೆ. ಎಡಗೈ ಯಾರೂ ಹೇಳಿಕೊಡದೆ ತಂತಿಯ ಮೇಲೆ ಹೋಗಿ ಕೂತಿತು.

ಒಂದೇ ದಿನಕ್ಕೆ ಪಂಡಿತನಾದೆ ಎಂದು ಸುಳ್ಳು ಹೇಳುವುದಿಲ್ಲ. ತಂತಿ ಒತ್ತುವ ಕೆಲಸ ಬಲಗೈಗೆ ಬಂದು, ಅದರ ಬೆರಳತುದಿಗಳಲ್ಲಿ ಗುಳ್ಳೆ ಎದ್ದವು. ಚಾಕ್ ಹಿಡಿಯಲಾಗದೆ ಹುಡುಗರಿಂದಲೇ ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆ. ಆದರೆ ಹಾಡು ಬರತೊಡಗಿತು. ಎರಡನೆಯ ಸಾಲಿನ ಕೊನೆಗೆ ಒಂದು ಹಿಡಿತದಿಂದ ಇನ್ನೊಂದಕ್ಕೆ ದಾಟುವಲ್ಲಿ ಮಾತ್ರ ಬೆರಳುಗಳು ಪ್ರತಿಸಲ ಎಡವುತ್ತಿದ್ದವು.

ಹಬ್ಬದ ಹಿಂದಿನ ಸಂಜೆ ಅಕ್ಕನ ಅಂಗಳದಲ್ಲಿ ಓಣಿ ಸೇರಿತು. ಅವ್ವನೂ ಬಂದಿದ್ದಳು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ಕೈಕಟ್ಟಿ ನಿಂತಿದ್ದರು. ನಾನು ಗಿಟಾರನ್ನು ಯಜಮಾನರಂತೆಯೇ ಹಿಡಿದು ಎಡಗೈಯನ್ನು ತಂತಿಯ ಮೇಲಿಟ್ಟಾಗ ಅವರ ಕೈಗಳು ಸಡಿಲಾದದ್ದು ಕಂಡೆ. ಮೊದಲ ಸಾಲು ಬಾರಿಸಿದೆ. ಅಕ್ಕ ಬಾಯಿ ತೆರೆಯಲಿಲ್ಲ. ಎರಡನೆಯ ಸಾಲು, ಇಲ್ಲ. ಅದರ ಕೊನೆಗೆ ಬೆರಳು ಎಡವಿತು, ಗಿಟಾರು ನಿಂತೇಹೋಯಿತು. ಮುಖ ಎಲ್ಲಿ ಇಟ್ಟುಕೊಳ್ಳಲಿ ಎನಿಸಿತು.

ಆ ಖಾಲಿ ಜಾಗದಲ್ಲಿ ಅಕ್ಕನ ದನಿ ಎದ್ದಿತು. ಸಾಲಿನ ಕೊನೆಯ ಪದವನ್ನು ಎಳೆದು, ನನ್ನ ಬೆರಳು ಸರಿ ಜಾಗಕ್ಕೆ ಬರುವವರೆಗೂ ಹಿಡಿದಿಟ್ಟು, ಮುಂದಿನ ಸಾಲಿಗೆ ಕರೆದೊಯ್ದರು. ಹಾಡು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಅವರೂ ಅಲ್ಲೇ ನಿಲ್ಲತಿದ್ರು ರೀ ಸರ್. ಮೂವತ್ತು ವರ್ಷ ನಾನೇ ಎಳದೀನಿ. ಇನ್ನೊಮ್ಮೆ ಬಾರಸ್ರಿ."