ರಟ್ಟಿನ ಚಿಲಕ

ವಿನ್ಯಾಸ ಕಾಲೇಜಿನ ವಿದ್ಯಾರ್ಥಿಗಳು ಅವರನ್ನು ರಟ್ಟು ಮೇಡಂ ಎಂದು ಕರೆಯುತ್ತಿದ್ದರು, ಎದುರಿಗಲ್ಲ. ಏನನ್ನೇ ಆಗಲಿ ಮೊದಲು ರಟ್ಟಿನಲ್ಲಿ ಮಾಡಿ ನೋಡದೆ ಅದರ ಬಗ್ಗೆ ಬಾಯಿ ಬಿಡಬಾರದು ಎಂಬುದು ಮೇಡಂ ಪಾಠ. ಮದುವೆಗೆ ಮುಂಚೆ ಗಂಡನನ್ನೂ ರಟ್ಟಿನಲ್ಲಿ ಮಾಡಿ ನೋಡಿದ್ದರಂತೆ ಎಂದು ಹಿಂದಿನ ಬೆಂಚಿನವರು ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ನೋಡಿದ್ದರೆ ಇನ್ನೂ ಸ್ವಲ್ಪ ಯೋಚಿಸುತ್ತಿದ್ದರು.

ಕಾಲೇಜಿಗೆ ಬರುವ ಮುಂಚೆ ಮೇಡಂ ಒಂದು ಕಂಪನಿಯಲ್ಲಿ ಶಾಂಪೂ ಬಾಟಲಿಗೆ ಮುಚ್ಚಳ ವಿನ್ಯಾಸ ಮಾಡುತ್ತಿದ್ದರು. ಒದ್ದೆ ಕೈಯಲ್ಲಿ ತೆರೆಯಲು ಬಾರದ ಮುಚ್ಚಳವೊಂದು ಅವರದೇ ಕೂಸು. ಆ ಪಾಪ ಕಳೆಯಲೋ ಏನೋ, ತಲೆ ನೆರೆಯತೊಡಗಿದ ಮೇಲೆ ಪಿಎಚ್.ಡಿ.ಗೆ ಸೇರಿದರು. ವಿಷಯ, ವಯಸ್ಸಾದವರ ಸ್ನಾನದ ಸ್ಟೂಲು. ವಿಧಾನ ಸರಳ: ಒಂದು ಮಾದರಿ ಮಾಡುವುದು, ಬಳಸಲು ಕೊಡುವುದು, ಹುಳುಕು ಕಂಡಲ್ಲಿ ತಿದ್ದಿ ಮತ್ತೊಂದು ಮಾಡುವುದು. ಹಾಗೆ ಮಾಡುತ್ತಾ ಮಾಡುತ್ತಾ ತಿಳಿದದ್ದೇ ಸಂಶೋಧನೆ.

ಇದಕ್ಕೆಲ್ಲ ಕಾರಣ ಮನೆಯಲ್ಲೇ ಇತ್ತು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಒಳಗಿಂದ ಚಿಲಕ ಹಾಕಿತ್ತು. ಎದುರುಮನೆಯ ಗಂಡಸರು ಬಂದು ಬಾಗಿಲು ಒಡೆಯಬೇಕಾಯಿತು. ಮೂಳೆ ಮುರಿದಿರಲಿಲ್ಲ, ಆದರೆ ಎಲ್ಲರಿಗೂ ಜೀವ ಹೋಗಿ ಬಂದ ಹಾಗಾಗಿತ್ತು. ಇನ್ನು ಮೇಲೆ ಕೂತೇ ಸ್ನಾನ ಮಾಡಬೇಕು ಎಂದರು ಡಾಕ್ಟರು. ಹೊಸ ಬಾಗಿಲು ಬಂದ ದಿನ ಮೇಡಂ ತಾವೇ ಅದರ ಚಿಲಕ ಬಿಚ್ಚಿ, ಸ್ಕ್ರೂ ತೂತುಗಳಿಗೆ ಪುಟ್ಟಿ ತುಂಬಿ, ಮರದ ಬಣ್ಣ ಹಚ್ಚಿದರು. ಅಲ್ಲಿ ಚಿಲಕ ಇತ್ತೆಂದು ಯಾರಿಗೂ ಗೊತ್ತಾಗದಷ್ಟು ನೀಟಾಗಿತ್ತು ಕೆಲಸ.

ಗಂಡ ಲಿಫ್ಟುಗಳ ಸುರಕ್ಷತೆ ತಪಾಸಣೆ ಮಾಡುವವರು. ಊಟಕ್ಕೆ ಕೂತಾಗ ಅವರೊಂದು ಷರತ್ತು ಹಾಕಿದರು.

"ಈ ಸ್ಟೂಲು ಸರಿಹೋಗಲಿಲ್ಲ ಅಂದ್ರೆ ಅಮ್ಮನಿಗೆ ಸ್ನಾನ ಮಾಡಿಸೋಕೆ ಒಬ್ಬ ಆಯಾನ ಇಟ್ಕೊಂಡುಬಿಡೋಣ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಸರಿಹೋಗುತ್ತೆ," ಎಂದರು. ಸ್ಟೂಲು ಇನ್ನೂ ತಯಾರಾಗಿರಲಿಲ್ಲ.

ಮೊದಲನೆಯದು ಪ್ಲೈವುಡ್ಡಿನದು, ಕಲ್ಲುಗುಂಡಿನಷ್ಟು ಭಾರ. ಅತ್ತೆ "ತುಂಬಾ ಚೆನ್ನಾಗಿದೆಯಮ್ಮ" ಎಂದರು. ಮೇಡಂ ಹಿಗ್ಗಿ, ಎತ್ತಿಡಲು ಹಗುರವಾಗಲಿ ಎಂದು ಎರಡನೆಯದನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿದರು. "ಚೆನ್ನಾಗಿದೆ" ಎಂದರು ಅತ್ತೆ. ಮೂರನೆಯದು ಅಲ್ಯೂಮಿನಿಯಂ ಕೊಳವೆಗಳದು, ಒಂದೇ ಬೆರಳಲ್ಲಿ ಎತ್ತಬಹುದಾದಂಥದು, ಮೇಡಂ ಬಾಳಿನ ಅತ್ಯುತ್ತಮ ಕೆಲಸ. ಅತ್ತೆ ಅದನ್ನು ಒಂದು ಗಳಿಗೆ ನೋಡಿ "ಪರವಾಗಿಲ್ಲ" ಎಂದರು.

"ನೀವು ಸುಧಾರಿಸಿದಷ್ಟೂ ಬಳಸೋರಿಗೆ ಇಷ್ಟ ಕಮ್ಮಿಯಾಗ್ತಿದೆ," ಎಂದರು ಪಿಎಚ್.ಡಿ. ಗೈಡ್. "ಇದೂ ಒಂದು ಫಲಿತಾಂಶ. ಆದ್ರೆ ಇದಕ್ಕೆ ಡಿಗ್ರಿ ಕೊಡೋಕಾಗಲ್ಲ."

ಗಂಡ ಆಯಾಳನ್ನು ಗೊತ್ತುಮಾಡಿಯೇ ಬಿಟ್ಟರು. ಸೋಮವಾರದಿಂದ ಬರುತ್ತಾಳೆ ಎಂದಾಯಿತು. ಅತ್ತೆ ಯಾವುದಕ್ಕೂ ಎದುರಾಡುವವರಲ್ಲ, ಇದಕ್ಕೂ ಆಡಲಿಲ್ಲ. ಊಟ ಮಾತ್ರ ಅರ್ಧಕ್ಕರ್ಧ ಕಮ್ಮಿ ಮಾಡಿದರು.

ಶುಕ್ರವಾರ ಕ್ಲಾಸಿಲ್ಲದೆ ಮೇಡಂ ಬೇಗ ಮನೆಗೆ ಬಂದಾಗ ಬಚ್ಚಲಿನಿಂದ ಕರ್ರೆಂದು ಸ್ಟೂಲು ಎಳೆಯುವ ಸದ್ದು ಕೇಳಿಸಿತು. ಅದು ನಲ್ಲಿಯ ಕಡೆಗೆ ಹೋಗಬೇಕಿತ್ತು. ಬಾಗಿಲಿಗೆ ಬಂದು ಡಬ್ಬೆಂದು ತಗುಲಿತು. ಮೇಡಂ ಬಾಗಿಲ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಬಾಗಿಲು ಜರುಗಲಿಲ್ಲ. ಭಾರ ನೋಡಿದರೆ ಒಳಗಿದ್ದದ್ದು ಪ್ಲೈವುಡ್ಡಿನ ಸ್ಟೂಲು.

ಅತ್ತೆ ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದ ಮೇಲೆ ಮೇಡಂ ಅವರನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡರು.

"ಅತ್ತೆ, ಸ್ಟೂಲನ್ನ ಬಾಗಿಲಿಗೆ ಒತ್ತಿ ಇಟ್ಟಿದ್ರಾ?"

"ದಿನಾ ಇಡ್ತೀನಲ್ಲ."

"ಹಾಗಾದ್ರೆ ಕೂತ್ಕೊಳ್ಳೋದು ಯಾವುದರ ಮೇಲೆ?"

"ನಿಂತೇ ಮಾಡ್ತೀನಿ. ಚಿಲಕ ಇಲ್ವಲ್ಲಮ್ಮ."

ಮೇಡಂಗೆ ಆಗ ಹೊಳೆಯಿತು. ಇಷ್ಟು ಕಾಲ ತಾವು ಹಗುರ ಮಾಡುತ್ತಾ ಬಂದದ್ದು ಒಂದು ಅಗುಳಿಯನ್ನು.

"ಅವತ್ತೊಂದಿನ ನಾನು ಒಳಗಿದ್ದೆ," ಎಂದರು ಅತ್ತೆ, ಟವೆಲಿನ ಅಂಚು ಮಡಿಸುತ್ತಾ. "ಇವನು ಏನೋ ಹುಡುಕ್ಕೊಂಡು ಬಂದು ಬಾಗಿಲು ತಳ್ಳಿಬಿಟ್ಟ. ಅವನ ತಪ್ಪೇನಿಲ್ಲ. ಆಮೇಲೆ ಇಬ್ರೂ ಏನೂ ಆಡಲಿಲ್ಲ. ಮಗ ಅಲ್ವೇನಮ್ಮ, ಹೇಗೆ ಆಡೋದು?"

ಮೇಡಂಗೆ ನಾಚಿಕೆಯಾಯಿತು. ಅತ್ತೆ ಹೇಗೆ ಕೂರುತ್ತಾರೆ, ಹೇಗೆ ಏಳುತ್ತಾರೆ, ಮೊಣಕಾಲು ಎಷ್ಟು ಬಗ್ಗುತ್ತದೆ ಎಲ್ಲವನ್ನೂ ಅಳೆದಿದ್ದರು. ಬಾಗಿಲು ಹಾಕಿಕೊಳ್ಳಬೇಕಾ ಎಂದು ಮಾತ್ರ ಕೇಳಿರಲಿಲ್ಲ.

ಆದರೆ ಚಿಲಕ ಹಾಕಿದರೆ ಬಿದ್ದಾಗ ತೆಗೆಯುವುದು ಹೇಗೆ? ಹೊರಗಿನಿಂದಲೂ ತೆಗೆಯುವಂಥದ್ದಾದರೆ ಅತ್ತೆ ನಂಬುವುದು ಹೇಗೆ? ಯೋಚಿಸಿ ತಲೆ ಕೆಟ್ಟಾಗ ಮೇಡಂ ಎಂದಿನಂತೆ ರಟ್ಟು ಕತ್ತರಿಸಿದರು. ಕೈಯಳತೆಯ ಚಿಲಕವೊಂದನ್ನು ಮಾಡಿ, ಎತ್ತರ ಸರಿಯಾಗಿದೆಯೇ ಎಂದು ನೋಡಲು ಬಾಗಿಲಿನ ಒಳಗಡೆ ಟೇಪಿನಲ್ಲಿ ಅಂಟಿಸಿದರು. ಅಸಲಿಯದು ಆಮೇಲೆ ಎಂದುಕೊಂಡರು.

ಶನಿವಾರ ಬೆಳಿಗ್ಗೆ ಅತ್ತೆ ಆ ರಟ್ಟನ್ನು ಸರಿಸಿ ಹಾಕಿಕೊಂಡು ಸ್ನಾನ ಮುಗಿಸಿ ಬಂದರು. ಸ್ಟೂಲು ನಲ್ಲಿಯ ಪಕ್ಕದಲ್ಲಿತ್ತು, ಅದರ ಮೇಲೆಲ್ಲ ಸೋಪಿನ ನೊರೆ.

"ಕೂತ್ಕೊಂಡ್ರಾ?" ಎಂದರು ಮೇಡಂ.

"ಹೂಂ. ಚೊಂಬು ಕೈಗೆ ಸಿಗುತ್ತೆ. ಸ್ಟೂಲು ಸ್ವಲ್ಪ ಎತ್ತರ ಜಾಸ್ತಿ."

ಸಂಶೋಧನೆ ಶುರುವಾದಾಗಿನಿಂದ ಸಿಕ್ಕ ಮೊದಲ ದೂರು. ಮೇಡಂ ಅದನ್ನು ಆಮೇಲೆ ಸವಿಯೋಣವೆಂದು ಬದಿಗಿಟ್ಟರು.

"ಅತ್ತೆ, ಅದು ಬರೀ ರಟ್ಟು. ಸ್ವಲ್ಪ ಜೋರಾಗಿ ತಳ್ಳಿದ್ರೆ ಕಿತ್ತು ಬರುತ್ತೆ."

"ಗೊತ್ತು. ಸುಮ್ನೆ ಬಂದೋರು ತಡೆದ ತಕ್ಷಣ ನಿಂತ್ಕೋತಾರೆ. ಕಿತ್ತು ಬರೋ ಹಾಗೆ ತಳ್ಳೋರು ನಾನು ಬಿದ್ದಿದೀನಿ ಅಂತಲೇ ತಳ್ತಾರೆ. ಬರಲಿ ಬಿಡು."

ಮೇಡಂ ಗೈಡಿಗೆ ಫೋನು ಮಾಡಿ, ಸಂಶೋಧನೆಯ ವಿಷಯ ಸ್ಟೂಲಲ್ಲ, ಮುರಿಯಲೆಂದೇ ಮಾಡಿದ ಚಿಲಕ ಎಂದರು. "ಬರೆದು ತನ್ನಿ," ಎಂದರು ಗೈಡ್.

ಭಾನುವಾರ ಮೇಡಂ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಾಗ ಗಂಡ ಬಾಚಣಿಗೆ ಹುಡುಕುತ್ತಾ ಬಚ್ಚಲಿನ ಬಾಗಿಲಿಗೆ ಕೈ ಹಾಕಿದರು. ಬಾಗಿಲು ತಡೆಯಿತು. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಮೇಡಂ ಸೋಸುವುದನ್ನು ನಿಲ್ಲಿಸಿದರು.

"ಅಮ್ಮಾ, ಒಳಗಿದೀಯಾ?"

"ಇದೀನಿ."

"ಕೂತಿದೀಯಾ?"

"ಕೂತಿದೀನಿ ಕಣೋ."

"ಸರಿ. ಆಯಾಗೆ ಬರೋದು ಬೇಡ ಅಂತ ಹೇಳಿಬಿಡ್ತೀನಿ." ಅವರು ಹೊರಡಲಿಲ್ಲ. ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಂತರು. "ಅಮ್ಮ, ಅವತ್ತು ತಪ್ಪಾಯ್ತು."

ಒಳಗೆ ನೀರಿನ ಸದ್ದು ನಿಂತಿತು.

"ಚಿಲಕ ಇರಲಿಲ್ಲವಲ್ಲೋ, ನಿನಗೆ ಹೇಗೆ ಗೊತ್ತಾಗಬೇಕು," ಎಂದರು ಅತ್ತೆ. "ನಾನೇ ಹೇಳೋಣ ಅಂತಿದ್ದೆ. ಮುಖ ನೋಡ್ಕೊಂಡು ಹೇಳೋಕಾಗಲಿಲ್ಲ."

"ನನಗೂ," ಎಂದರು ಮಗ.

ಆಮೇಲೆ ಚೊಂಬು ಬಕೆಟ್ಟಿಗೆ ತಗುಲಿದ ಸದ್ದಾಯಿತು. ಅತ್ತೆ ಮತ್ತೆ ನೀರು ಹೊಯ್ದುಕೊಂಡರು.