ಕೆಂಪು ಗುಂಡಿ

ಐಸ್ ಹಾಕಿಯ ಹುಚ್ಚು ನನ್ನ ಮಗಳಿಗೆ ಹಿಡಿದದ್ದು ಮೈಸೂರಿನಲ್ಲಿ. ಆಗ ನಮ್ಮ ಚಾಮರಾಜಪುರಂನಲ್ಲಿ ಐಸ್ ಎಂದರೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತಿದ್ದ ಗಡ್ಡೆ, ಅಷ್ಟೇ. ಚಕ್ರದ ಸ್ಕೇಟು ಕಟ್ಟಿಕೊಂಡು ಹಾಕಿ ಆಡುವುದರಲ್ಲಿ ಅವಳು ಗಟ್ಟಿಗಿತ್ತಿ. ಅದನ್ನು ನೋಡಿ ಅವಳ ಕೋಚ್, ಚಳಿಗಾಲದಲ್ಲಿ ಉತ್ತರದ ಬೆಟ್ಟದೂರೊಂದರಲ್ಲಿ ಐಸ್ ಹಾಕಿ ತಂಡಕ್ಕೆ ಆಯ್ಕೆ ಇದೆ, ಕಳಿಸಿ ಎಂದರು.

"ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲ್ಸಿದ್ರಂತೆ" ಎಂದು ನಮ್ಮತ್ತೆ ಗೊಣಗಿದರು. ಮಗಳು ಅನ್ನ ಕಲಸುವಾಗಲೂ ಅದೇ ಮಾತು, ಜಡೆ ಹೆಣೆಸಿಕೊಳ್ಳುವಾಗಲೂ ಅದೇ ಮಾತು. ಆ ತಂಡ ಬಿಟ್ಟರೆ ಅವಳಿಗೆ ಬೇರೇನೂ ಬೇಡವಾಗಿತ್ತು.

ಕೋಚ್ ಹಿನಕಲ್‌ನ ಒಂದು ಶೆಡ್ಡಿನಲ್ಲಿ ಯಂತ್ರ ಕಟ್ಟಿದರು. ಯಾವುದೋ ಕಾರ್ಖಾನೆಯವರು ಬಿಸಾಕಿದ ಅಗಲದ ರಬ್ಬರ್ ಪಟ್ಟಿ, ಒಂದು ಮೋಟಾರು, ಸೊಂಟಕ್ಕೆ ಬಿಗಿಯಲು ಸೂರಿನಿಂದ ಇಳಿಬಿಟ್ಟ ಹಗ್ಗ. ಪಟ್ಟಿ ಹಿಂದಕ್ಕೆ ಓಡುತ್ತದೆ, ಹುಡುಗಿ ಸ್ಕೇಟಿನ ಮೇಲೆ ಮುಂದಕ್ಕೆ ತಳ್ಳುತ್ತಾಳೆ, ಎಷ್ಟು ತಳ್ಳಿದರೂ ಇದ್ದಲ್ಲೇ ಇರುತ್ತಾಳೆ. ಅಡುಗೆಮನೆಯಲ್ಲಿ ನಾನು ಮಾಡುತ್ತಿದ್ದುದೂ ಅದನ್ನೇ, ಆದರೆ ನನಗೆ ಯಾರೂ ಹೆಲ್ಮೆಟ್ ಕೊಡಿಸಿರಲಿಲ್ಲ.

"ಮೇಡಂ, ನೀವು ಈ ಕೆಂಪು ಗುಂಡಿ ನೋಡ್ಕೊಳ್ಳಿ, ಸಾಕು" ಎಂದರು ಕೋಚ್. ಅವರು ಬಗ್ಗಿ ಅವಳ ಮೊಣಕಾಲು, ಹೆಜ್ಜೆ ತಿದ್ದುತ್ತಿದ್ದರು. ಅವಳು "ಅಮ್ಮಾ, ಆಫ್ ಮಾಡ್ಬುಡು!" ಎಂದು ಕೂಗಿದೊಡನೆ ನಾನು ಹೆಬ್ಬೆರಳು ಒತ್ತುತ್ತಿದ್ದೆ. ದಿನದಿಂದ ದಿನಕ್ಕೆ ಅವಳ ವೇಗ ಏರಿತು. ಬರಬರುತ್ತಾ ಅವಳು ಕೂಗುವ ಮೊದಲೇ ಮುಖ ನೋಡಿ ಒತ್ತುವಷ್ಟು ನಾನೂ ಪಳಗಿದೆ. ಹೆಮ್ಮೆಯಾಗುತ್ತಿತ್ತು.

ಒಮ್ಮೆ ಮಾತ್ರ ಕೇಳಿದೆ, "ಐಸ್ ಮೇಲೆ ಜೋರಾಗಿ ಹೋಗ್ತಿರೋವಾಗ ನಿಲ್ಲೋದು ಎಂಗೆ ಸಾರ್?" ಚಕ್ರದ ಸ್ಕೇಟಿಗೆ ಹಿಮ್ಮಡಿಯಲ್ಲಿ ರಬ್ಬರ್ ತಡೆ ಇರುತ್ತದೆ, ಐಸ್ ಸ್ಕೇಟಿಗೆ ಬರೀ ಅಲಗು. "ಅದನ್ನ ಅಲ್ಲೇ ಕಲೀಬೇಕು ಮೇಡಂ. ಆಯ್ಕೆಗೆ ಮುಂಚೆ ಎರಡು ದಿನ ಪ್ರಾಕ್ಟೀಸ್ ಕೊಡ್ತಾರೆ" ಎಂದರು.

ರೈಲು, ಬಸ್ಸು ಹತ್ತಿ ಆ ಊರು ತಲುಪಿದೆವು. ಅಲ್ಲಿನ ಅಂಗಳದಲ್ಲಿ ನೀರು ಹಾಯಿಸಿ ಚಳಿಗೆ ಹೆಪ್ಪುಗಟ್ಟಲು ಬಿಡುತ್ತಿದ್ದರು. ನಮ್ಮ ದುರದೃಷ್ಟ, ಆ ಎರಡು ದಿನವೂ ಮೋಡ ಕವಿದು, ಚಳಿ ತಗ್ಗಿ, ನೀರು ಹೆಪ್ಪುಗಟ್ಟಲೇ ಇಲ್ಲ. ಬೆಟ್ಟದ ಮೋಡವನ್ನು ಯಾರ ಬಳಿ ಹೋಗಿ ಬೈಯುವುದು? ಗಟ್ಟಿಯಾದದ್ದು ಆಯ್ಕೆಯ ದಿನ ಬೆಳಿಗ್ಗೆ.

ಮೊದಲು ತುಸು ತಡವರಿಸಿದಳು. ಆಮೇಲೆ ಶೆಡ್ಡಿನಲ್ಲಿ ಕಲಿತ ಹೆಜ್ಜೆ ಹಿಡಿದು ಹೊರಟಳು ನೋಡಿ, ಅಲ್ಲಿನ ಹುಡುಗಿಯರೂ ಹಿಂದುಳಿದರು. ಪಕ್ಕದಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು. ಎದುರಿನ ಮರದ ಗೋಡೆ ಹತ್ತಿರವಾಗುತ್ತಿತ್ತು. ಅವಳ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಕುಳಿತಿದ್ದ ಬೆಂಚಿನ ಹಲಗೆಯನ್ನು ನನ್ನ ಹೆಬ್ಬೆರಳು ಒತ್ತುತ್ತಿತ್ತು, ಉಗುರು ಬೆಳ್ಳಗಾಗುವಷ್ಟು.

ಗೋಡೆಗೆ ಬಡಿದ ಸದ್ದು ಈಗಲೂ ಕಿವಿಯಲ್ಲಿದೆ. ತೋಳಿನ ಮೂಳೆ ಮುರಿದಿತ್ತು. ಆಯ್ಕೆ ಅವಳಿಲ್ಲದೆ ಮುಂದುವರಿಯಿತು.

ನಾನು ಓಡಿಹೋಗಿ ಅವಳ ತಲೆ ತೊಡೆಯ ಮೇಲಿಟ್ಟುಕೊಂಡೆ. ಅಷ್ಟು ನೋವಿನಲ್ಲೂ ನನ್ನನ್ನು ನಗಿಸಲು ನೋಡಿದಳು.

"ಆಫ್ ಮಾಡೋದಲ್ವೇನಮ್ಮಾ?" ಎಂದಳು.