ಕ್ಯಾಮೆರಾ ಎತ್ತ ನೋಡಬೇಕು

ನಮ್ಮೂರು ಶಿಡ್ಲಘಟ್ಟದ ಪಕ್ಕದ್ದು. ತೋಟಗಳಲ್ಲಿ ಕೊಳವೆಬಾವಿಯ ಕೇಬಲ್ ಕದಿಯುವುದು ಹೆಚ್ಚಾದಾಗ ಪೊಲೀಸರು ಊರಿನವರನ್ನೇ ಸೇರಿಸಿಕೊಂಡು ಒಂದು ಕಾವಲು ಸಮಿತಿ ಮಾಡಿದರು. ಹೆಂಗಸೊಬ್ಬಳು ಇರಲೇಬೇಕೆಂದು, ಶಾಲೆಯಿಂದ ನಿವೃತ್ತಳಾಗಿದ್ದ ನನ್ನನ್ನು ಅದರೊಳಕ್ಕೆ ಎಳೆದುಕೊಂಡರು. ಮೊದಲ ಸಭೆ ಬೀಟ್ ಪೊಲೀಸರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಫೋಟೊ ತೆಗೆಸಿಕೊಳ್ಳುವುದರಲ್ಲೇ ಮುಗಿಯಿತು. ಕಳ್ಳರ ಮಾತು ಬರಲೇ ಇಲ್ಲ.

ಎರಡನೆಯ ಸಭೆಯಲ್ಲಿ ಆ ಮಾತೆತ್ತಿದವಳು, ದೂರು ಹೇಳಲು ಬಂದಿದ್ದ ನನ್ನ ಪಕ್ಕದ ಮನೆಯವಳು. ಒಬ್ಬಳೇ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾಳೆ. ಅವಳ ಕೇಬಲ್ ಆಗಲೇ ಎರಡು ಸಲ ಹೋಗಿತ್ತು. ಊರ ನಡುವಿನ ಕಂಬಕ್ಕೆ ಹಾಕಲು ದಾನಿಗಳು ಒಂದು ಕ್ಯಾಮೆರಾ ಕೊಟ್ಟಿದ್ದರು, ಅವಳು ಕೇಳಿದ್ದು ಇಷ್ಟೇ: "ತೋಟದ ದಾರಿ ಕಡೆ ತಿರುಗಿಸ್ರಣ್ಣ, ಸಾಕು."

ಅತ್ತ ತಿರುಗಿಸಿದರೆ ಸಮಿತಿಯ ಅಧ್ಯಕ್ಷರ ಅಂಗಳ ಕಾಣುತ್ತದಂತೆ. ಸ್ವಲ್ಪ ಎಡಕ್ಕೆಂದರೆ ಇಸ್ಪೀಟಾಡುವ ಕಟ್ಟೆ. ಬಲಕ್ಕೆಂದರೆ ಅಂಗಡಿಯವರ ಮನೆ ಬಾಗಿಲು. "ನಮ್ಮನೆಗೆ ಯಾರು ಬರ್ತಾರೆ ಹೋಗ್ತಾರೆ ಅನ್ನೋದು ಪೊಲೀಸ್ರಿಗ್ಯಾಕಪ್ಪ?" ಎಂದರು ಅಂಗಡಿಯವರು. ಕೊನೆಗೆ ಯಾರಿಗೂ ತಕರಾರಿಲ್ಲದ ಜಾಗವೊಂದು ಸಿಕ್ಕಿತು: ದಾನಿಗಳ ಹೆಸರು ಕೆತ್ತಿದ ಕಲ್ಲು. ನನಗೆ ಮೈಯೆಲ್ಲ ಉರಿಯಿತು. ಕಲ್ಲನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ ಎಂದು ಕೇಳಿದೆ.

"ಟೀಚರಮ್ಮ, ಊರಂದ್ಮೇಲೆ ಹೊಂದ್ಕೊಂಡು ಹೋಗ್ಬೇಕು," ಎಂದರು ಅಧ್ಯಕ್ಷರು.

ಬೇಸಿಗೆಯಲ್ಲಿ ಮೂರನೆಯ ಸಲವೂ ಅವಳ ಕೇಬಲ್ಲೇ ಹೋಯಿತು. ಹುಳಗಳು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು, ಎಷ್ಟು ಸೊಪ್ಪು ಹಾಕಿದರೂ ಸಾಲದೆ ತಿನ್ನುವ ಹೊತ್ತು. ಹೊಸ ಕೇಬಲ್ ಎಳೆಸಿ ನೀರು ಬಿಡುವಷ್ಟರಲ್ಲಿ ತೋಟ ಬಾಡಿತ್ತು. ಅಕ್ಕಪಕ್ಕದವರ ಬಳಿ ಕೊಡುವಷ್ಟು ಸೊಪ್ಪಿರಲಿಲ್ಲ. ಹುಳಗಳು ಹಸಿದು ಸಾಯತೊಡಗಿದವು. ನಾವು ಸಮಿತಿಯವರು ಕ್ಯಾಮೆರಾದ ಚಿತ್ರ ನೋಡಲು ಕೂತೆವು. ಕಲ್ಲು ಚೆನ್ನಾಗಿ ಕಾಣುತ್ತಿತ್ತು. ಒಬ್ಬರು ತಮ್ಮ ಹೆಸರಿನ ಮೇಲೆ ಕಾಗೆ ಕೂತಿದ್ದಕ್ಕೆ ಬೇಜಾರು ಮಾಡಿಕೊಂಡರು.

"ಇನ್ನಾದ್ರೂ ತಿರುಗಿಸೋಣ," ಎಂದರು ಬೀಟ್ ಪೊಲೀಸರು. ಎತ್ತ ಎಂದು ಕೇಳಿದರೆ ಮತ್ತೆ ಅದೇ ಅಂಗಳ, ಅದೇ ಕಟ್ಟೆ, ಅದೇ ಬಾಗಿಲು. ಅವಳು ಅಷ್ಟೂ ಹೊತ್ತು ಗೋಡೆಗೊರಗಿ ನಿಂತೇ ಇದ್ದಳು.

"ನಮ್ಮನೆ ಬಾಗಿಲ ಕಡೆಗೇ ತಿರುಗಿಸ್ಕೊಳ್ಳಿ," ಎಂದಳು. "ನಾನು ಹುಳ ತಿಪ್ಪೆಗೆ ಸುರಿಯೋದಾದ್ರೂ ಎಲ್ರಿಗೂ ಕಾಣಿಸ್ಲಿ."

ಹೇಳಿ ಹೊರಟುಹೋದಳು. ನಾನು ಅವಳ ಹಿಂದೆಯೇ ಹೋದೆ, ಹುಳ ತುಂಬಿದ ಮಂಕರಿ ಹಿಡಿಯಲು ಇನ್ನೊಂದು ಕೈ ಬೇಕಿತ್ತು.

ಮಾರನೆಯ ದಿನ ಕ್ಯಾಮೆರಾ ಅವಳ ಬಾಗಿಲನ್ನೇ ನೋಡುತ್ತಿತ್ತು. ಸಮಿತಿಯಲ್ಲಿ ಯಾರ ತಕರಾರೂ ಇರಲಿಲ್ಲವಂತೆ.